ಹೊಸ್ತಿಲಲ್ಲಿ ನಿಂತ ಅಕ್ಕ

ಇದನ್ನು ಹೇಳುವುದನ್ನು ನಾನು ಇಷ್ಟು ದಿನ ಮುಂದೂಡುತ್ತಲೇ ಬಂದೆ. ಹೇಳಿದರೆ ಆ ಮಧ್ಯಾಹ್ನ ಮರಳಿ ಬಂದೀತೆಂಬ ಹೆದರಿಕೆ.

ಅಕ್ಕನ ಎಡಗಣ್ಣಿನ ರೆಪ್ಪೆ ಸ್ವಲ್ಪ ಜೋತುಬಿದ್ದಿತ್ತು. ಏನನ್ನಾದರೂ ಸರಿಯಾಗಿ ನೋಡಬೇಕಾದರೆ ತಲೆಯನ್ನು ಹಿಂದಕ್ಕೆ ವಾಲಿಸುತ್ತಿದ್ದಳು. ಮಕ್ಕಳಿಲ್ಲದ ಅವಳು ಗಂಡ ತೀರಿದ ಮೇಲೆ ಅಜ್ಜಾವರದ ನಮ್ಮ ಮನೆಗೆ ಬಂದು ಅಡುಗೆಮನೆ ವಹಿಸಿಕೊಂಡಳು. ನನ್ನ ಮಗ, ಸೊಸೆ ಸುಳ್ಯಕ್ಕೆ ಕೆಲಸಕ್ಕೆ ಹೋದರೆ ನಾಲ್ಕು ವರ್ಷದ ಮೊಮ್ಮಗಳು ನಮ್ಮಿಬ್ಬರ ಪಾಲಿಗೆ.

ಮೊಮ್ಮಗಳು ಗುಂಡಗಿದ್ದಳು. ನನಗದು ಹೆಮ್ಮೆ. ಪೇಟೆಯಿಂದ ಕ್ರೀಮ್ ಬನ್ ತರದೆ ಬರುತ್ತಿರಲಿಲ್ಲ. ಒಂದು ಭಾನುವಾರ ಮಗುವನ್ನು ಮೀಯಿಸುತ್ತಿದ್ದ ಅಕ್ಕ ನಮ್ಮನ್ನೆಲ್ಲ ಕರೆದು ತೋರಿಸಿದಳು: ಬೆಳ್ಳಿಯ ಉಡಿದಾರ ಸೊಂಟದ ಮಾಂಸದೊಳಗೆ ಹೂತುಹೋಗಿತ್ತು.

"ಇದು ಪುಷ್ಟಿ ಅಲ್ಲ ತಮ್ಮಾ. ಮಲಗಿದಾಗ ಇದಕ್ಕೆ ಉಸಿರು ಕಟ್ಟಿದ ಹಾಗೆ ಆಗ್ತದೆ, ಕೇಳಿದ್ದೀಯಾ?"

"ಹಾಗಾದ್ರೆ ಎಂತ, ಮಗುವಿಗೆ ಉಪವಾಸವಾ?"

"ಅದಕ್ಕೆ ಮಾತ್ರ ಬೇಡ ಅಂದ್ರೆ ಅಳುದಿಲ್ವಾ? ಎಲ್ಲರಿಗೂ ಒಂದೇ ಊಟ. ಮೊದಲು ನಿನ್ನ ಮಿಕ್ಸ್ಚರ್ ಡಬ್ಬ ಹೋಗ್ಬೇಕು ಮಾರಾಯ. ನಿನ್ನ ಬಾಯಿ ನೋಡಿಯೇ ಅದು ಕಲಿಯುದು."

ಸೊಸೆ ನಕ್ಕಳು. ನನಗೆ ಸಿಟ್ಟು ನೆತ್ತಿಗೇರಿತು. "ಹೆರದವಳ ಕಣ್ಣು ತಾಗಿಯೇ ಉಸಿರು ಕಟ್ಟುದು" ಎಂದುಬಿಟ್ಟೆ. ಸಾಲದ್ದಕ್ಕೆ ಉಪ್ಪು, ಒಣಮೆಣಸನ್ನು ಮಗುವಿಗೆ ನಿವಾಳಿಸಿ, ಅಕ್ಕ ಅನ್ನ ಬೇಯಿಸುತ್ತಿದ್ದ ಒಲೆಗೇ ಹಾಕಿದೆ. ಅವಳು ಕೆಮ್ಮುತ್ತಲೇ ಗಂಜಿ ಬಸಿದಳು.

ಅಂದಿನಿಂದ ಅಕ್ಕ ಮಗುವಿನ ಮುಖ ನೋಡಲಿಲ್ಲ. ಬಡಿಸುವಾಗ ತಟ್ಟೆಯನ್ನಷ್ಟೇ ನೋಡುವಳು. ಮಧ್ಯಾಹ್ನ ಮಲಗಿದ ಮಗುವಿನ ಪಕ್ಕ ಕೂರುವುದನ್ನೂ ಬಿಟ್ಟಳು. ನಾನು ಬನ್ ತರುವುದನ್ನು ಬಿಡಲಿಲ್ಲ.

ಆ ಮಧ್ಯಾಹ್ನ ಮಗುವಿನ ಗೊರಕೆ ಫಕ್ಕನೆ ನಿಂತಿತು. ಎದೆ ಎದ್ದೆದ್ದು ಬೀಳುತ್ತಿದೆ, ಉಸಿರಿಲ್ಲ. ತುಟಿ ನೇರಳೆಯಾಯಿತು. "ಅಕ್ಕಾ!" ಎಂದು ಕಿರುಚಿದೆ. ಓಡಿ ಬಂದವಳು ಹೊಸ್ತಿಲಲ್ಲೇ ನಿಂತಳು, ಕಣ್ಣಿಗೆ ಸೆರಗು ಅಡ್ಡ ಹಿಡಿದು.

"ನಾನು ನೋಡ್ಬಹುದಾ?"

"ನೋಡು ಅಕ್ಕಾ, ನೋಡು!"

ಮಗುವನ್ನು ಮಗ್ಗುಲಿಗೆ ತಿರುಗಿಸಿ ಗದ್ದ ಎತ್ತಿ ಹಿಡಿದಳು. ಉಸಿರು ಬಂತು.

ಟಾನ್ಸಿಲ್ ಊದಿಕೊಂಡಿದೆ, ತೂಕವೂ ಸೇರಿ ಉಸಿರಿನ ದಾರಿ ಮುಚ್ಚುತ್ತಿದೆ ಎಂದರು ಪುತ್ತೂರಿನ ಡಾಕ್ಟರು. ಮದ್ದು ಬರೆದುಕೊಟ್ಟು ಅವರೂ ಅಕ್ಕನ ಮಾತನ್ನೇ ಹೇಳಿದರು: ಮಗುವೊಂದಕ್ಕೇ ಪಥ್ಯ ಬೇಡ, ಇಡೀ ಮನೆಯ ಊಟ ಬದಲಾಗಲಿ.

ಬದಲಾಯಿತು. ಬನ್ ಹೋಯಿತು, ನನ್ನ ಡಬ್ಬವೂ ಹೋಯಿತು. ಸಂಜೆ ಎಲ್ಲರೂ ಕೂಡಿ ಹೊಳೆಯವರೆಗೆ ನಡೆಯುತ್ತಿದ್ದೆವು. ಅಕ್ಕ ಮಾತ್ರ ಹಿಂದೆ, ಓಡುವ ಮಗುವಿನ ಬೆನ್ನು ನೋಡುತ್ತ. ಮಗು ತಿರುಗಿದರೆ ತಲೆ ತಗ್ಗಿಸುವಳು. ತಪ್ಪಾಯಿತೆಂದು ಹೇಳಲು ನಾಳೆ, ನಾಳೆ ಎನ್ನುತ್ತಿದ್ದೆ. ಕಳೆದ ವರ್ಷ ಅವಳು ತೀರಿಹೋದಳು.

ಮೊಮ್ಮಗಳೀಗ ಸದ್ದಿಲ್ಲದೆ ನಿದ್ರಿಸುತ್ತಾಳೆ. ಸದ್ದಿಲ್ಲವೆಂದರೂ ನನಗೆ ಭಯ. ಎದ್ದು ಹೋಗಿ ಹೊಸ್ತಿಲಲ್ಲಿ ನಿಲ್ಲುತ್ತೇನೆ. ಒಳಗೆ ಕಣ್ಣು ಹಾಯಿಸುವ ಮೊದಲು ಬಾಯಿ ತಾನಾಗಿ ಕೇಳುತ್ತದೆ: ನಾನು ನೋಡ್ಬಹುದಾ, ಅಕ್ಕಾ?