ಏಣಿ ಹುಡುಗಿಯ ಖಾಲಿ ಆಕಾಶ

ಅವಳಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಆ ಬೀದಿಯಲ್ಲಿ ಅದನ್ನು ಬಲ್ಲವನು ಅಂಚೆಯವನೊಬ್ಬನೇ. ಉಳಿದವರಿಗೆಲ್ಲ ಅವಳು ಅಂಟಕ್ಕ. ಹಳೆಯ ಚಿತ್ರಕಥೆ ಪುಸ್ತಕಗಳನ್ನು ಕೊಂಡು, ಹರಿದ ಹಾಳೆಗಳನ್ನು ಗಂಜಿಯ ಅಂಟಿನಿಂದ ಕೂಡಿಸಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಮಾರುವುದು ಅವಳ ಕಸುಬು. ಗಂಡ ನಡೆಸುತ್ತಿದ್ದ ಅಂಗಡಿ ಅದು. ಅವನು ತೀರಿಹೋದ ಮೇಲೆ ಇವಳ ಪಾಲಿಗೆ ಬಂತು. ಅವನು ಮಾರುವುದನ್ನಷ್ಟೇ ಬಲ್ಲವನಾಗಿದ್ದ, ಇವಳು ರಿಪೇರಿಯನ್ನೂ ಕಲಿತಳು. ಅವಳ ಬೆರಳುಗಳಲ್ಲಿ ಸದಾ ಅಂಟಿನ ಪೊರೆ ಒಣಗಿ ನಿಂತಿರುತ್ತಿತ್ತು. "ನಮ್ಮಕ್ಕ ಒಮ್ಮೆ ಕೈ ಹಿಡಿದ್ರೆ ಬಿಡಿಸ್ಕೊಳ್ಳೋಕೆ ಬಿಸಿನೀರು ಬೇಕು" ಎಂದು ಅವಳ ತಂಗಿಯೇ ಬಂದವರ ಮುಂದೆಲ್ಲ ಹಾಸ್ಯ ಮಾಡುತ್ತಿದ್ದಳು.

ಅಂಗಡಿ ಇದ್ದದ್ದು ಒಂದು ಕಟ್ಟಡದ ಮೆಟ್ಟಿಲುಗಳ ಕೆಳಗೆ. ಮೇಲಿನ ಮಹಡಿಯಲ್ಲಿ ಹೊಲಿಗೆ ತರಗತಿ. ಹತ್ತುವವರ ಹೆಜ್ಜೆಯೆಲ್ಲ ಅಂಟಕ್ಕನ ತಲೆಯ ಮೇಲೆಯೇ ಹಾದುಹೋಗುತ್ತಿತ್ತು. ತರಗತಿ ಬಿಡುವ ವೇಳೆಗೆ ಸರಿಯಾಗಿ ಅವಳು ಮೇಜಿನ ಮೇಲೆ ಬಟ್ಟೆ ಹೊದಿಸುತ್ತಿದ್ದಳು. ಇಲ್ಲದಿದ್ದರೆ ಹಸಿ ಅಂಟಿನ ಮೇಲೆ ಧೂಳು ಉದುರುತ್ತಿತ್ತು.

ಅಲ್ಲಿಂದ ನಾಲ್ಕು ಹೆಜ್ಜೆ ಆಚೆಯ ಬೀದಿಯಲ್ಲಿ ಒಬ್ಬ ವಯಸ್ಸಾದ ಚಿತ್ರಗಾರರಿದ್ದರು. ತಮ್ಮ ಹರೆಯದಲ್ಲಿ ಅವರು ಏಣಿ ಹುಡುಗಿ ಎಂಬವಳ ಕಥೆಗಳನ್ನು ಬರೆದು, ಚಿತ್ರಿಸಿದ್ದರು. ಆ ಹುಡುಗಿ ಹೆಗಲ ಮೇಲೆ ಏಣಿ ಹೊತ್ತು ಊರೆಲ್ಲ ಸುತ್ತುತ್ತಾಳೆ. ಮರದಲ್ಲಿ ಸಿಕ್ಕಿಕೊಂಡ ಬೆಕ್ಕು, ಗಾಳಿಗೆ ಹಾರಿ ಮಾಡಿನ ಮೇಲೆ ಕುಳಿತ ಅಂಗಿ, ಆರಿಹೋದ ಬೀದಿದೀಪ, ಎಲ್ಲಕ್ಕೂ ಅವಳೇ ಬೇಕು. ಅದನ್ನು ಓದಿ ಬೆಳೆದ ಮಕ್ಕಳಿಗೆ ಈಗ ತಲೆಗೂದಲು ಉದುರುವ ವಯಸ್ಸು. ಆ ವಯಸ್ಸಿನಲ್ಲೇ ಮನುಷ್ಯನಿಗೆ ಬಾಲ್ಯದ ಪುಸ್ತಕದ ಹುಚ್ಚು ಹಿಡಿಯುವುದು. ಅಂಟಕ್ಕನ ಅಂಗಡಿಗೆ ಅವರು ಹುಡುಕಿಕೊಂಡು ಬರುತ್ತಿದ್ದರು. ಎಲ್ಲರೂ ಕೇಳುತ್ತಿದ್ದದ್ದು ಮೊದಲ ಪುಸ್ತಕವನ್ನು.

ಹಾಗಿರುವಾಗ ಒಂದು ದಿನ ಅವಳಿಗೆ ಒಂದು ಯೋಚನೆ ಹೊಳೆಯಿತು. ಒಂದು ಪ್ರತಿಯನ್ನು ಚಿತ್ರಗಾರರ ಮನೆಗೆ ಒಯ್ದು ಸಹಿ ಕೇಳಿದಳು. ಅವರು ಸಂತೋಷದಿಂದ ಪೆನ್ನಿನ ಮುಳ್ಳನ್ನು ಬಟ್ಟೆಯಲ್ಲಿ ಒರೆಸಿ, ಪುಸ್ತಕ ತೆರೆದು, ಒಳಗಿನ ಮೊದಲ ಪುಟಕ್ಕೆ ಕೈಯಿಟ್ಟರು.

"ಒಳಗೆ ಹಾಕಿದ್ರೆ ಯಾರಿಗೆ ಕಾಣುತ್ತೆ ಸಾರ್?" ಎಂದಳು ಅಂಟಕ್ಕ. "ನಾನು ಕವರ್ ಹಾಕಿ ಮಾರೋಳು. ಹೊರಗಿನ ಚಿತ್ರದ ಮೇಲೇ ಹಾಕಿ. ಇಲ್ಲಿ ನೋಡಿ, ಆಕಾಶ ಖಾಲಿ ಬಿದ್ದಿದೆಯಲ್ಲ."

ಚಿತ್ರಗಾರರು ಆ ಆಕಾಶದ ಮೇಲೆ ಒಮ್ಮೆ ಅಂಗೈ ಸವರಿದರು. ಆಮೇಲೆ ಅವಳು ತೋರಿಸಿದಲ್ಲೇ ಬರೆದರು. ಆ ಪ್ರತಿ ಅಂದೇ ಮಾರಾಟವಾಯಿತು, ಅದೂ ಮಾಮೂಲಿಗಿಂತ ಹೆಚ್ಚಿನ ಬೆಲೆಗೆ. ಅವಳು ಅದರಲ್ಲಿ ಅವರಿಗೂ ಪಾಲು ಕೊಟ್ಟಳು. ಮೋಸ ಮಾಡುವ ಬುದ್ಧಿ ಅವಳದಲ್ಲ. ಅಂದಿನಿಂದ ಅದು ಪದ್ಧತಿಯಾಯಿತು. ಕೈಗೆ ಸಿಕ್ಕ ಏಣಿ ಹುಡುಗಿಯನ್ನೆಲ್ಲ ಬಟ್ಟೆಯ ಚೀಲದಲ್ಲಿ ತುಂಬಿ ಒಯ್ಯುವುದು, ಸಹಿ ಹಾಕಿಸುವುದು, ಮಸಿ ಆರುವವರೆಗೆ ಕೂತು ಅವರೊಡನೆ ಮಾತಾಡುವುದು. ಅವರ ಬಳಿ ಉಳಿದಿದ್ದ ಸ್ವಂತ ಪ್ರತಿಗಳನ್ನೂ "ನೀವಿಟ್ಕೊಂಡು ಏನ್ ಮಾಡ್ತೀರಿ ಸಾರ್" ಎಂದು ತಂದು ಮಾರಿದಳು.

ಚಿತ್ರಗಾರರ ಸೊಸೆ ಆಸ್ಪತ್ರೆಯಲ್ಲಿ ನರ್ಸು. ಮಾತು ಸ್ವಲ್ಪ ಖಾರ. ಒಮ್ಮೆ ಬಾಗಿಲಲ್ಲಿ ಎದುರಾಗಿ, "ಅಕ್ಕ, ನೀವು ಬಂದು ಹೋದ ದಿನ ನಮ್ಮಾವ ಚಮಚ ಹಿಡಿಯಲ್ಲ. ನಾನೇ ತಿನ್ನಿಸ್ಬೇಕು" ಎಂದಳು. ಚೀಲ ಹೊತ್ತು ಬರುವವಳನ್ನು ಕಂಡರೆ ಮನೆಯ ಹೆಂಗಸಿಗೆ ಹೇಗೂ ಕಿರಿಕಿರಿ ಎಂದುಕೊಂಡ ಅಂಟಕ್ಕ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವಳ ಗಿರಾಕಿಗಳಲ್ಲಿ ಒಬ್ಬನಿದ್ದ, ಬಿಳಿಯ ಹತ್ತಿಯ ಗ್ಲೌಸು ತೊಡದೆ ಪುಸ್ತಕ ಮುಟ್ಟುತ್ತಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ಅವನನ್ನು ಗ್ಲೌಸಣ್ಣ ಎನ್ನುತ್ತಿದ್ದರು. ಒಂದು ದಿನ ಅವನು ಬಂದು ಸಹಿಯಿಲ್ಲದ ಪ್ರತಿ ಇದೆಯೇ ಎಂದು ಕೇಳಿದ. ಅಂಟಕ್ಕನಿಗೆ ನಗು ಬಂತು.

"ಇರೋದನ್ನ ಅಳಿಸಿ ಕೊಡ್ಲಾ ಅಣ್ಣ?"

"ದಮ್ಮಯ್ಯ, ಅದೊಂದು ಮಾಡ್ಬೇಡಿ" ಎಂದು ಅವನು ಗಂಭೀರವಾಗಿಯೇ ಹೇಳಿದ. ಆಮೇಲೆ ಕುಳಿತು ವಿವರಿಸಿದ. ಕಣ್ಣೆದುರಿಗೆ ಹಾಕಿಸಿಕೊಂಡವನಿಗೆ ಸಹಿ ಸಹಿಯೇ. ಪುಸ್ತಕ ಅವನ ಕೈ ದಾಟಿ ಇನ್ನೊಬ್ಬನಿಗೆ ಹೋದಾಗ, ಬರೆದವರು ಚಿತ್ರಗಾರರೋ ಪಕ್ಕದ ಮನೆಯ ಮಗುವೋ ಎಂದು ಹೇಳುವವರು ಯಾರು? ಸಾಕ್ಷಿಯಿಲ್ಲದ ಸಹಿ ಬರಿಯ ಗೀಚು. ಅಪರೂಪಕ್ಕೆ ಒಂದಿದ್ದರೆ ಅದು ಬೆಲೆ ಏರಿಸುತ್ತದೆ. ಊರಿನ ಪ್ರತಿಯೊಂದು ಪುಸ್ತಕದ ಮೇಲೂ ಇದ್ದರೆ, ಇಲ್ಲದ್ದಕ್ಕೇ ಬೆಲೆ. "ನೀವು ಎಲ್ಲದಕ್ಕೂ ಹಾಕ್ಸಿಬಿಟ್ರಿ ಅಂಟಕ್ಕ" ಎಂದು ಎದ್ದು ಹೋದ. ವ್ಯಾಪಾರದ ಗಾಳಿ ಇಂದು ಹೀಗೆ, ನಾಳೆ ಹಾಗೆ ಎಂದು ಅವಳು ಅಂಟಿನ ಬಟ್ಟಲಿಗೆ ಮರಳಿದಳು.

ಆಮೇಲೆ ಒಂದು ಮುಂಜಾನೆ ಚಿತ್ರಗಾರರೇ ಸೊಸೆಯ ತೋಳು ಹಿಡಿದು ಅಂಗಡಿಗೆ ಬಂದರು. ಎಂದೂ ಬಂದವರಲ್ಲ. ಮುಖದಲ್ಲಿ ಬೆಳಕಿತ್ತು. ಒಬ್ಬ ಪ್ರೆಸ್ಸಿನವನು ಮೊದಲ ಪುಸ್ತಕವನ್ನು ಮತ್ತೆ ಅಚ್ಚು ಹಾಕಲು ಮುಂದೆ ಬಂದಿದ್ದಾನಂತೆ. ಮೂಲಚಿತ್ರಗಳು ಹಳೆಯ ಪ್ರಕಾಶಕರು ಬಾಗಿಲು ಮುಚ್ಚಿದಾಗಲೇ ರದ್ದಿಗೆ ಹೋಗಿದ್ದವು. ಒಳಪುಟಗಳನ್ನು ಯಾವ ಹಳೆಯ ಪ್ರತಿಯಿಂದಲೂ ತೆಗೆಯಬಹುದು, ಹೊದಿಕೆಗೆ ಮಾತ್ರ ಒಂದು ಶುದ್ಧ ಪ್ರತಿ ಬೇಕು.

"ಆ ಆಕಾಶ ಇದೆಯಲ್ಲಮ್ಮ, ಅದು ಖಾಲಿ ಇರ್ಬೇಕು" ಎಂದರು ಅವರು, ಅವಳು ಒರೆಸಿಕೊಟ್ಟ ಸ್ಟೂಲಿನ ಮೇಲೆ ಕುಳಿತು. "ಹುಡುಗಿ ಏಣಿಯ ತುದಿಯಲ್ಲಿ ನಿಂತಿದ್ದಾಳೆ, ಮೇಲೆ ಏನೂ ಇಲ್ಲ. ನೋಡೋ ಮಗುವಿಗೆ ಹೊಟ್ಟೇಲಿ ಝುಂ ಅನ್ಬೇಕು. ಪ್ರಕಾಶಕರು ಅಲ್ಲಿ ದೊಡ್ಡದಾಗಿ ಪುಸ್ತಕದ ಹೆಸರು ಹಾಕ್ತೀನಿ ಅಂದ್ರು. ಜಗಳ ಆಡಿ ಕೆಳಗೆ ಹಾಕಿಸ್ದೆ. ನಾನು ಜೀವನದಲ್ಲಿ ಆಡಿದ್ದು ಅದೊಂದೇ ಜಗಳ."

ಅಂಟಕ್ಕನಿಗೆ ತಾನು ಮಾರಿದ ಪ್ರತಿಗಳೆಲ್ಲ ಕಣ್ಣ ಮುಂದೆ ಬಂದವು. ಅಷ್ಟಾದರೂ ಬಾಯಿ ಮಾತ್ರ ತನ್ನ ಪಾಡಿಗೆ, "ಅದೇನ್ ದೊಡ್ಡ ವಿಷಯ ಸಾರ್, ತಂದುಕೊಡ್ತೀನಿ" ಎಂದುಬಿಟ್ಟಿತು. ಅವರು ನಂಬಿ ಹೋದರು.

ಅವಳು ಕಪಾಟಿನ ತಳದವರೆಗೂ ಕೆದಕಿದಳು. ಗಿರಾಕಿಗಳ ಮನೆ ಮನೆಗೆ ಹೋದಳು. ಪ್ರತಿಯೊಬ್ಬರೂ ಹೆಮ್ಮೆಯಿಂದ ಕವರು ಬಿಚ್ಚಿ ತೋರಿಸಿದರು: ನೀಲಿಯ ಆಕಾಶದ ಮೇಲೆ ಕಪ್ಪು ಮಸಿಯ ಸಹಿ. ಬೇರೆ ಊರಿನ ವ್ಯಾಪಾರಿಯೊಬ್ಬನಿಗೆ ಫೋನು ಮಾಡಿದರೆ, ಅವನ ಬಳಿ ಇದ್ದ ಪ್ರತಿಗಳೂ ಇವಳೇ ಕಳಿಸಿದವು. ಒಬ್ಬ ಗಿರಾಕಿಯ ಹೆಂಡತಿ ಕಾಫಿ ಕೊಟ್ಟು, ಇಂಥ ಭಾಗ್ಯ ಒದಗಿಸಿದ್ದಕ್ಕೆ ನಿಮಗೆ ಪುಣ್ಯ ಬರಲಿ ಎಂದಳು. ಅಂಟಕ್ಕ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಕೊನೆಗೆ ಪ್ರೆಸ್ಸಿನವನ ಬಳಿ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಅವನು ಬೈಯಲಿಲ್ಲ. ಸಹಿಯ ಮಸಿಯನ್ನು ಕಂಪ್ಯೂಟರಿನಲ್ಲಿ ತೆಗೆಯಬಹುದು, ಆದರೆ ಅಡಿಯ ಬಣ್ಣ ಗೊತ್ತಿಲ್ಲದೆ ತುಂಬಿದರೆ ತೇಪೆ ಕಾಣುತ್ತದೆ ಎಂದ. ಬೇರೆ ಬೇರೆ ಜಾಗದಲ್ಲಿ ಸಹಿಯಿರುವ ಎರಡು ಪ್ರತಿ ಸಿಕ್ಕರೆ, ಒಂದರ ಮೇಲ್ಭಾಗ, ಇನ್ನೊಂದರ ಕೆಳಭಾಗ ಸೇರಿಸಿ ಪೂರ್ತಿ ಆಕಾಶ ಮಾಡಬಹುದು.

ಅವಳು ಕಂಡಕಂಡವರಿಂದ ಪ್ರತಿಗಳನ್ನು ಎರವಲು ತಂದಳು. ಗ್ಲೌಸಣ್ಣನಂತೂ ಮೊದಮೊದಲು ಕೊಂಡಿದ್ದ ತನ್ನ ಸಹಿಯ ಪ್ರತಿಯನ್ನು ಮಗುವನ್ನು ಎತ್ತಿಕೊಡುವಂತೆ ಕೊಟ್ಟು, ಹಾಳೆಗಳನ್ನು ಕೂಡಿಸಿದ ಪಿನ್ನು ಬಿಚ್ಚಕೂಡದೆಂದು ಮಾತು ತೆಗೆದುಕೊಂಡ. ಹೊಲಿಗೆ ತರಗತಿ ಇಲ್ಲದ ದಿನ ಬಾಗಿಲು ಅರ್ಧ ಎಳೆದು, ಎಲ್ಲವನ್ನೂ ಮಾರಿದ ಕ್ರಮದಲ್ಲಿ ಮೇಜಿನ ಮೇಲೆ ಹರಡಿದಳು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಾನು ಹಾಕಿದ, ಹಳತಾದಷ್ಟೂ ಹಳದಿಯಾಗುವ ಅಂಟಿನ ಪಟ್ಟಿಯಿಂದಲೇ ಅವಳಿಗೆ ಗೊತ್ತಾಗುತ್ತಿತ್ತು.

ಮೊದಲಿನವುಗಳಲ್ಲಿ ಸಹಿ ಆಕಾಶದ ಎತ್ತರದಲ್ಲಿತ್ತು. ಒಂದೇ ಉಸಿರಿನಲ್ಲಿ ಬರೆದ ದುಂಡು ಅಕ್ಷರ, ಕೊನೆಯಲ್ಲಿ ಒಂದು ಕೊಂಡಿ. ಬರುಬರುತ್ತ ಅದು ಕೆಳಗಿಳಿಯಿತು. ಮಣಿಕಟ್ಟಿಗೆ ಮೇಜಿನ ಅಂಚಿನ ಆಸರೆ ಬೇಕಾಗಿತ್ತು, ಆದುದರಿಂದ ಇಳಿಯಿತು. ಕೊಂಡಿ ಹೋಯಿತು. ಅಕ್ಷರ ಒಡೆಯಿತು. ಕೊನೆಯ ಕಟ್ಟಿನ ಪ್ರತಿಗಳಲ್ಲಿ ಸಹಿ ಏಣಿಯ ಪಕ್ಕದ ಮೂಲೆಗೆ ಬಂದು, ಓದಲು ಬಾರದ ಎರಡು ಮೂರು ಗೆರೆಗಳಾಗಿ ನಡುಗುತ್ತಿತ್ತು. ಬಿಡಿಬಿಡಿಯಾಗಿ ಕಂಡಾಗ ಅವಳಿಗೆ ಒಂದೂ ಗಮನಕ್ಕೆ ಬಂದಿರಲಿಲ್ಲ. ಈಗ ಎಲ್ಲವನ್ನೂ ಸಾಲಾಗಿ ಕಂಡಳು. ಸೊಸೆಯ ಚಮಚದ ಮಾತು ಕುಹಕವಾಗಿರಲಿಲ್ಲವೆಂಬುದು ಆಗ ಅವಳಿಗೆ ತಿಳಿಯಿತು.

ಇನ್ನೊಂದು ನೆನಪೂ ಬಂತು. ಆ ಕೊನೆಯ ಕಟ್ಟು ಒಯ್ದ ದಿನ ಅವರು ನಡುವೆ ಪೆನ್ನು ಕೆಳಗಿಟ್ಟು, "ಬೆರಳು ನೋಯ್ತಿದೆ ಕಣಮ್ಮ" ಎಂದಿದ್ದರು. ಅವಳು ಮುಂದಿನ ಪ್ರತಿಯನ್ನು ತೆಗೆದು ಅವರ ಮುಂದೆ ಸರಿಸಿ, ಹೊರಗಿನ ಬಿಸಿಲಿನ ಮಾತು ತೆಗೆದಿದ್ದಳು.

ಪ್ರೆಸ್ಸಿನವನು ಗ್ಲೌಸಣ್ಣನ ಪ್ರತಿಯನ್ನೂ ಕೊನೆಯ ಕಟ್ಟಿನ ಒಂದನ್ನೂ ಸೇರಿಸಿ ಮಾದರಿ ತೆಗೆದ. ಆಕಾಶ ತೊಳೆದಿಟ್ಟಂತೆ ಬಂದಿತ್ತು. ಅದನ್ನು ಕೊಟ್ಟು ಬಾಯಿ ಮುಚ್ಚಿಕೊಂಡು ಬಂದರೆ ಮುಗಿಯುತ್ತಿತ್ತು. ಚಿತ್ರಗಾರರಿಗೆ ಶುದ್ಧ ಪ್ರತಿ ಸಿಕ್ಕಿತೆಂಬ ಸಮಾಧಾನ, ಇವಳಿಗೆ ಮರ್ಯಾದೆ. ದಾರಿಯುದ್ದಕ್ಕೂ ಅವಳು ಅದನ್ನೇ ತೂಗಿ ನೋಡುತ್ತ ನಡೆದಳು.

ಚಿತ್ರಗಾರರು ಮಾದರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಅಂತೂ ಒಂದು ಸಿಕ್ತು."

"ಸಿಗ್ಲಿಲ್ಲ ಸಾರ್. ಒಂದೂ ಉಳಿದಿಲ್ಲ. ನಾನು ಉಳಿಸ್ಲಿಲ್ಲ."

ಅವಳು ಎರಡು ಪ್ರತಿಗಳನ್ನೂ ಅವರ ಮುಂದಿಟ್ಟು, ಅವು ಹೇಗೆ ಒಂದಾದವೆಂದು ಹೇಳಿದಳು. ಅವರು ಮೊದಲಿನದನ್ನು ಗುರುತಿಸಿದರು. ಎರಡನೆಯದರ ಮೂಲೆಯ ಗೆರೆಗಳ ಮೇಲೆ ಬೆರಳಿಟ್ಟು, "ಇದೂ ನಂದೇನಾ?" ಎಂದರು.

"ನಿಮ್ಮದೇ. ಆ ದಿನ ಬೆರಳು ನೋಯ್ತಿದೆ ಅಂದ್ರಿ. ನನಗೆ ಕೇಳಿಸಿತ್ತು ಸಾರ್."

ಚಿತ್ರಗಾರರು ಅವಳ ಕಡೆ ನೋಡಲಿಲ್ಲ. "ಕೇಳಿಸಿರ್ಲಿಲ್ಲ ಅಂದ್ಕೊಂಡಿದ್ದೆ" ಎಂದರು.

ಆಮೇಲೆ ಮಾದರಿಯನ್ನು ಮತ್ತೆ ಎತ್ತಿಕೊಂಡು, ನೀಲಿ ಸ್ವಲ್ಪ ಗಾಢವಾಯಿತು, ಪ್ರೆಸ್ಸಿನವನಿಗೆ ತಿಳಿಸು ಎಂದರು. ಅವಳು ಹೂಂಗುಟ್ಟಿದಳು. ಯಾವಾಗಲೂ ಅವಳು ಬಂದ ಕೂಡಲೆ ಕುರ್ಚಿ ತೋರಿಸುತ್ತಿದ್ದವರು ಅಂದು ತೋರಿಸಲು ಮರೆತರೋ, ಬೇಡವೆನಿಸಿತೋ, ಅವಳಿಗೆ ತಿಳಿಯಲಿಲ್ಲ. ನಿಂತೇ ಇದ್ದು ಹೊರಟು ಬಂದಳು.

ಹೊಸ ಅಚ್ಚು ಬಂದು ಈಗ ಅಂಗಡಿಯ ಮುಂಭಾಗದಲ್ಲೇ ಇದೆ. ಮಕ್ಕಳು ನಿಂತು ನೋಡುತ್ತಾರೆ. ಅಂಟಕ್ಕ ವಾರಕ್ಕೊಮ್ಮೆ ಬರಿಗೈಯಲ್ಲಿ ಚಿತ್ರಗಾರರ ಮನೆಗೆ ಹೋಗುತ್ತಾಳೆ. ಅವರು ಮಾತಾಡುತ್ತಾರೆ, ಮೊದಲಿಗಿಂತ ಕಡಿಮೆ. ಸೊಸೆ ಕೆಲಸಕ್ಕೆ ಹೋದ ದಿನ ಅವರಿಗೆ ಊಟ ಮಾಡಿಸುವುದು ಇವಳೇ. ಗಿರಾಕಿಗಳು ಹೊಸ ಪುಸ್ತಕಕ್ಕೆ ಸಹಿ ಹಾಕಿಸಿಕೊಡಿ ಎಂದು ಕೇಳಿದರೆ, "ಅವರು ಈಗ ಹಾಕಲ್ಲ" ಎನ್ನುತ್ತಾಳೆ. ಅವರನ್ನು ನಾನೇ ಕೇಳುವುದಿಲ್ಲ ಎಂದು ಹೇಳಲು ಅವಳಿಗೆ ಇನ್ನೂ ಬಾಯಿ ಬಂದಿಲ್ಲ.