ಫ್ಯಾಕ್ಸ್ ನಂಬರಿನಲ್ಲಿದ್ದ ಬೆನ್ನು

ದಿನಕ್ಕೆ ಮೂವತ್ತು ಸಲವಾದರೂ ನಾನು ಒಂದೇ ಮಾತು ಹೇಳುತ್ತೇನೆ. ನನಗೆ ಸಂಬಳ ಬರುವುದೇ ಅದಕ್ಕೆ. ‘ಹಳೇ ಪ್ರೋಗ್ರಾಮನ್ನ ಒಂದೇ ಸಲ ಕಿತ್ತುಹಾಕ್ಬೇಡಿ ಸಾರ್. ಮೊದ್ಲು ಒಳಗಿರೋದನ್ನ ನಕಲು ಮಾಡಿ ಬೇರೆ ಕಡೆ ಇಡಿ. ಆಮೇಲೆ ಅದನ್ನ ಬಂದ್ ಮಾಡಿ ಒಂದು ತಿಂಗಳು ಸುಮ್ನೆ ಬಿಡಿ. ಯಾರೂ ಕೇಳ್ಲಿಲ್ಲ ಅಂದ್ರೆ ಆಗ ತೆಗೀರಿ.’ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಮುಖ ಕಾಣದ ಜನರಿಗೆ, ಜೇನು ಸವರಿದ ದನಿಯಲ್ಲಿ ಹೇಳುತ್ತೇನೆ. ಈ ಮಾತು ತಲೆಗೇ ಹೋಗದ ಮನುಷ್ಯ ಇಡೀ ಊರಿನಲ್ಲಿ ಒಬ್ಬನೇ ಇದ್ದಾನೆ. ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ನಾನು ಅವನ ಗಡ್ಡ ಹೆರೆಯುತ್ತೇನೆ.

ಅವನ ವಿಷಯ ಹಾಗಿರಲಿ. ಹೇಳಬೇಕಾದದ್ದು ಚಿಕ್ಕಮ್ಮನ ಕಥೆ.

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಎರಡನೇ ಮಹಡಿಯಲ್ಲಿ ಎರಡು ಕೋಣೆ. ಹಿಂದಿನದರಲ್ಲಿ ಅವಳ ವಾಸ, ಮುಂದಿನದರಲ್ಲಿ ಹೊಲಿಗೆ. ಕಿಟಕಿಗೆ ತಾಗಿ ಮಿಷಿನ್ನು, ನಡುವೆ ಬಟ್ಟೆ ಕತ್ತರಿಸುವ ಮೇಜು, ಮೂಲೆಯಲ್ಲಿ ಕಂಪ್ಯೂಟರು. ಆ ಕಂಪ್ಯೂಟರಿಗೂ ಅವಳೊಂದು ಅಂಗಿ ಹೊಲಿದು ತೊಡಿಸಿದ್ದಾಳೆ. ಅಳತೆ ಎಲ್ಲೂ ತಪ್ಪಿಲ್ಲ. ನನಗೆ ಹೊಲಿದ ಅಂಗಿಗಳಲ್ಲಿ ತಪ್ಪು ಕಂಡರೆ ಅದು ನಾನು ಕೂರುವ ಭಂಗಿಯದು ಎಂದು ಅವಳ ವಾದ.

ಅವಳ ಬಾಗಿಲಿಗೆ ಬೋರ್ಡಿಲ್ಲ. ಅವಳಲ್ಲಿಗೆ ಬರುವವರು ಬೋರ್ಡು ನೋಡಿ ಬರುವವರೂ ಅಲ್ಲ. ಒಂದು ಭುಜ ಇನ್ನೊಂದಕ್ಕಿಂತ ಇಳಿದವರು, ಬೆನ್ನು ಬಾಗಿದವರು, ಆಪರೇಷನ್ ಆಗಿ ಎದೆಯ ಒಂದು ಪಕ್ಕ ಕಳೆದುಕೊಂಡವರು. ಅಂಗಡಿಯಲ್ಲಿ ತೂಗುಹಾಕಿದ ಬಟ್ಟೆ ಇವರಲ್ಲಿ ಯಾರಿಗೂ ಕೂರುವುದಿಲ್ಲ. ಚಿಕ್ಕಮ್ಮ ಒಂದು ಕಡೆ ಅರ್ಧ ಇಂಚು ಬಿಟ್ಟು, ಇನ್ನೊಂದು ಕಡೆ ಸಣ್ಣದೊಂದು ನೆರಿಗೆ ಹಿಡಿದು ಅಂಗಿ ಹೊಲಿದುಕೊಟ್ಟರೆ, ಅದನ್ನು ತೊಟ್ಟು ಬೀದಿಯಲ್ಲಿ ನಡೆದವರನ್ನು ಯಾರೂ ತಿರುಗಿ ನೋಡುವುದಿಲ್ಲ. ಯಾರೂ ತಿರುಗಿ ನೋಡದಿರಲಿ ಎಂದೇ ಅವರು ಅಷ್ಟು ಮೆಟ್ಟಿಲು ಹತ್ತಿ ಬರುತ್ತಿದ್ದರು.

ಬರುತ್ತಿದ್ದದ್ದೂ ಒಂದೇ ಸಲ. ಕದ ಹಾಕಿ, ಪರದೆ ಎಳೆದು ಅಳತೆ ತೆಗೆದರೆ ಮುಗಿಯಿತು. ಮುಂದೆ ಬಟ್ಟೆ ಕಳಿಸಿದರೆ ಸಾಕು. ‘ಮೈ ಏನಾದ್ರೂ ಹೆಚ್ಚು ಕಮ್ಮಿ ಆಗಿದ್ಯಾ?’ ಎಂದು ಫೋನಿನಲ್ಲಿ ಕೇಳಿ ಹೊಲಿದುಬಿಡುತ್ತಿದ್ದಳು. ‘ನನ್ ಹತ್ರ ಬಂದವ್ರು ಎರಡನೇ ಸಲ ಬಟ್ಟೆ ಬಿಚ್ಚಿ ನಿಲ್ಲೋ ಹಾಗಿಲ್ಲ’ ಎನ್ನುವುದು ಅವಳ ಜಂಬ. ಬೇರೆ ಜಂಬ ಅವಳಲ್ಲಿ ನಾನು ಕಂಡಿಲ್ಲ.

ಐದಾರು ವರ್ಷಗಳಿಂದ ಅವಳ ಕಣ್ಣಿನ ನಡುಭಾಗ ಮಸುಕಾಗುತ್ತ ಬಂದಿದೆ. ಅಂಚು ಕಾಣುತ್ತದೆ, ಎದುರಿಗಿರುವುದು ಕಾಣುವುದಿಲ್ಲ. ಹೊಲಿಗೆ ಬೆರಳಿಗೇ ಗೊತ್ತು, ಅದಕ್ಕೆ ತೊಂದರೆಯಿಲ್ಲ. ಕತ್ತರಿಸುವುದೂ ಮೇಜಿನ ಅಂಚಿನಲ್ಲಿ ಅವಳೇ ಕೊರೆದುಕೊಂಡ ಗೀರುಗಳ ಮೇಲೆ ನಡೆಯುತ್ತದೆ. ಟೇಪಿನ ಸಣ್ಣ ಅಂಕಿಗಳು ಮಾತ್ರ ಓದಲಾಗದು. ಹಾಗಾಗಿ ಹೊಸಬರನ್ನು ತೆಗೆದುಕೊಳ್ಳುವುದನ್ನು ಬಿಟ್ಟು, ಹಳೆಯ ಅಳತೆಗಳನ್ನೇ ನೆಚ್ಚಿಕೊಂಡು ಕೆಲಸ ನಡೆಸಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಕಂಪ್ಯೂಟರ್ ಆನ್ ಮಾಡಿದರೆ ತೆರೆಯ ಮೇಲೆ ಬಳೆ ತಿರುಗುತ್ತಲೇ ಇತ್ತು.

‘ಇದು ಎದ್ದು ಮುಖ ತೊಳೆಯೋ ಹೊತ್ತಿಗೆ ನಾನೊಂದು ಕಾಲರ್ ಹೊಲ್ದಿರ್ತೀನಿ ಕಣೋ. ಊರೋರ ಕಂಪ್ಯೂಟರೆಲ್ಲ ರಿಪೇರಿ ಮಾಡ್ತೀಯಂತೆ, ಚಿಕ್ಕಮ್ಮಂದು ಅಂದ್ರೆ ಸಸಾರ.’

‘ರಿಪೇರಿ ಅಲ್ಲ ಚಿಕ್ಕಮ್ಮ, ಸಲಹೆ.’

‘ಅದೇ ಮತ್ತೆ. ಕೈ ಕೊಳೆ ಆಗಲ್ಲ.’

ಮಾತು ನಾಟಿತು. ಕೂತೆ. ಕೊಳ್ಳುವಾಗಲೇ ಒಳಗಿದ್ದ ಹಳೆಯ ಪ್ರೋಗ್ರಾಮುಗಳು ಒಂದೊಂದಾಗಿ ಹೊರಬಿದ್ದವು: ತಯಾರಿಸಿದವರೇ ಕೈಬಿಟ್ಟ ಬ್ರೌಸರು, ಹಾಡು ಹಾಕುವುದೊಂದು, ಕಂಪ್ಯೂಟರ್ ಆನ್ ಆದಾಗಲೆಲ್ಲ ತಾನೂ ಎದ್ದು ಏನೂ ಮಾಡದೆ ಕೂರುವುದೊಂದು. (ಆಫೀಸಿನಲ್ಲಿ ನಾನೂ ಹೀಗೇ ಎಂದು ಮೇಲಿನವರ ಅಭಿಪ್ರಾಯ.) ಕೊನೆಯಲ್ಲಿ ಒಂದು ವಿಳಾಸ ಪುಸ್ತಕ ಸಿಕ್ಕಿತು. ತೆರೆದೆ. ನೂರಾರು ಹೆಸರು. ಪ್ರತಿ ಹೆಸರಿಗೂ ಮನೆ ನಂಬರ್, ಆಫೀಸ್ ನಂಬರ್, ಫ್ಯಾಕ್ಸ್ ನಂಬರ್. ಎಲ್ಲವೂ ಸೊನ್ನೆಯಿಂದ ಶುರು. ಯಾವ ಕಾಲದ ಲ್ಯಾಂಡ್‌ಲೈನುಗಳೋ! ಕೆಳಗಿನ ಬೀದಿಯ ಬೇಕರಿಯವಳಿಗೂ ಒಂದು ಫ್ಯಾಕ್ಸ್ ನಂಬರ್ ಇದ್ದದ್ದು ಕಂಡು ನಕ್ಕೆ.

ನಕ್ಕಲ್ಲಿಗೇ ನಿಲ್ಲಿಸಿ ಯೋಚಿಸಬಹುದಿತ್ತು. ಯೋಚಿಸಲಿಲ್ಲ.

‘ಚಿಕ್ಕಮ್ಮಾ, ಈ ಹಳೇ ಫೋನ್ ನಂಬರೆಲ್ಲ ಬೇಕಾ?’ ಎಂದು ಕೂಗಿದೆ.

‘ಫೋನ್ ನಂಬರಾ? ಅವೆಲ್ಲ ನನ್ ಮೊಬೈಲಲ್ಲಿವೆ. ಬೇಡ’ ಎಂದಳು, ಮಿಷಿನ್ ತುಳಿಯುತ್ತಲೇ.

‘ಒಳಗಿನ ಮಾಹಿತಿಯನ್ನೂ ಅಳಿಸಬೇಕೆ?’ ಎಂದು ಕಂಪ್ಯೂಟರ್ ಕೇಳಿತು. ಒಂದು ಸಲ ಕೇಳಿದ್ದು ಸಾಲದೆಂದು ‘ಖಚಿತವೆ?’ ಎಂದೂ ಕೇಳಿತು. ಎರಡಕ್ಕೂ ಹೌದೆಂದೆ. ಆಮೇಲೆ ಡಿಸ್ಕನ್ನೂ ಉಜ್ಜಿ ಸ್ವಚ್ಛ ಮಾಡಿ, ಹೊಸದೆರಡು ಪ್ರೋಗ್ರಾಂ ತುಂಬಿದೆ. ಕಂಪ್ಯೂಟರ್ ಹನ್ನೊಂದು ಸೆಕೆಂಡಿನಲ್ಲಿ ಎದ್ದು ನಿಂತಿತು. ಅದೇ ಖುಷಿಯಲ್ಲಿ ಎರಡು ಲೋಟ ಟೀ ಕುಡಿದು ಮನೆಗೆ ಹೋದೆ.

ಮಂಗಳವಾರ ಆಫೀಸಿಗೆ ಚಿಕ್ಕಮ್ಮನ ಫೋನು ಬಂತು.

‘ಕಂಪ್ಯೂಟರಲ್ಲಿ ಎಡಗಡೆ ಕೆಳಗಿಂದ ಎರಡನೇ ಚಿತ್ರ ಎಲ್ಲೋಯ್ತೋ?’

‘ಯಾವ್ದು?’

‘ನನ್ ಅಳತೆ ಪುಸ್ತಕ.’

ಅವಳು ಬಿಡಿಸಿ ಹೇಳಿದಾಗ ಗೊತ್ತಾಯಿತು, ಆ ವಿಳಾಸ ಪುಸ್ತಕವೇ ಅಳತೆ ಪುಸ್ತಕ. ಭುಜ, ತೋಳು, ಎದೆ, ಸೊಂಟ, ಉದ್ದ: ಒಂದೊಂದಕ್ಕೆ ಎರಡೆರಡು ಅಂಕಿ, ಒಟ್ಟು ಹತ್ತು. ಭುಜ ಯಾವಾಗಲೂ ಹತ್ತಿಂಚಿನ ಒಳಗೇ, ಅದಕ್ಕೇ ಮೊದಲ ಅಂಕಿ ಸೊನ್ನೆ. ಮನೆ ನಂಬರ್ ಎಂದರೆ ಎಡಪಕ್ಕ, ಆಫೀಸ್ ನಂಬರ್ ಎಂದರೆ ಬಲಪಕ್ಕ. ಫ್ಯಾಕ್ಸ್‌ನಲ್ಲಿ ಬೆನ್ನು. ಎರಡೂ ಪಕ್ಕ ಒಂದೇ ಇರುವವರಿಗೆ ಇಷ್ಟು ಕಟ್ಟಳೆ ಬೇಡ. ಅವಳಲ್ಲಿಗೆ ಬರುವವರಿಗೆ ಬೇಕಿತ್ತು. ಆ ಪ್ರೋಗ್ರಾಮಿನಲ್ಲಿ ಅಕ್ಷರ ಹಿಗ್ಗಿಸಬಹುದಿತ್ತು. ಅವಳ ಕಣ್ಣು ಕುಗ್ಗಿದಷ್ಟೂ ಅಂಕಿಗಳನ್ನು ಹಿಗ್ಗಿಸುತ್ತ ಬಂದಿದ್ದಳು. ಕೊನೆಗೆ ಇಡೀ ತೆರೆಗೆ ನಾಲ್ಕೇ ಅಂಕಿ.

ಅರ್ಧ ದಿನ ರಜೆ ಹಾಕಿ ಓಡಿದೆ. ಅಳಿಸಿದ್ದನ್ನು ಹುಡುಕಿ ತೆಗೆಯುವ ಸಾಧನಗಳೆಲ್ಲ ಆಯಿತು, ನನಗಿಂತ ಬಲ್ಲವರ ಕೈಕಾಲು ಹಿಡಿದದ್ದೂ ಆಯಿತು. ಉಜ್ಜಿದ್ದು ಚೆನ್ನಾಗಿಯೇ ಉಜ್ಜಿದ್ದೆ. ಜನ್ಮದಲ್ಲಿ ಅಚ್ಚುಕಟ್ಟಾಗಿ ಮಾಡಿದ ಕೆಲಸ ಅದೊಂದೇ. ಶನಿವಾರದ ಹೊತ್ತಿಗೆ ಒಂದು ಚೂರು ಸಿಕ್ಕಿತು. ನಲವತ್ತೊಂದು ಜನರ ಅಂಕಿಗಳು. ಹೆಸರು ಒಂದೂ ಇಲ್ಲ.

‘ಓದು’ ಎಂದಳು ಚಿಕ್ಕಮ್ಮ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು.

‘ಎಡ ಏಳು, ಇಪ್ಪತ್ತೊಂದು, ಹದಿನೆಂಟು…’

‘ಬಲ?’

‘ಐದು, ಇಪ್ಪತ್ತು…’

‘ತಡಿ. ಭುಜದಲ್ಲಿ ಎರಡಿಂಚು ವ್ಯತ್ಯಾಸ. ಬೇಕರಿಯವಳು. ಚಿಕ್ಕವಳಿದ್ದಾಗ ಮಹಡಿಯಿಂದ ಬಿದ್ದಿದ್ಳಂತೆ.’ ಅವಳ ಕೈ ಗಾಳಿಯಲ್ಲಿ ಆ ಭುಜದ ಇಳಿಜಾರನ್ನು ಸವರಿತು. ‘ಬರ್ಕೋ. ಮುಂದೆ.’

ಎಲ್ಲರೂ ಸಿಕ್ಕಾರೆಂದು ಓದತೊಡಗಿದೆ. ಒಂಬತ್ತನೆಯದು ನರ್ಸ್. ಹದಿನಾಲ್ಕನೆಯದು ಕೊರಿಯರ್ ಆಫೀಸಿನವಳ ಅತ್ತೆ. ಆಮೇಲೆ ಅವಳು ತಡಿ ಎನ್ನಲಿಲ್ಲ. ಎಂಟೂ ಏಳೂ, ಏಳೂ ಆರೂ, ಒಂದರಂತೆ ಇನ್ನೊಂದು. ಇಪ್ಪತ್ತಾರನೆಯದಕ್ಕೆ ಬಂದಾಗ ಕೈಯೆತ್ತಿದಳು.

‘ಸಾಕು ಬಿಡು. ಊಹೆ ಮಾಡಿ ಹೊಲಿಯೋದು ಬೇಡ. ಹಳೇ ಅಂಗಿ ನೋಡಿ ಹೊಲಿಯೋಣ ಅಂದ್ರೆ, ಒಗ್ದು ಒಗ್ದು ಅದರ ಅಳತೆ ಕೆಟ್ಟಿರತ್ತೆ. ಒಬ್ರ ಅಂಗಿ ಇನ್ನೊಬ್ರಿಗೆ ಕೊಟ್ರೆ ಅವ್ರು ಮತ್ತೆ ಕನ್ನಡಿ ನೋಡಲ್ಲ.’

‘ಮತ್ತೊಂದ್ಸಲ ಅಳತೆ ತೆಗೆಯೋಣ ಚಿಕ್ಕಮ್ಮ. ಟೇಪ್ ನಾನು ಓದ್ತೀನಿ.’

‘ನೀನು? ಪರದೆ ಒಳಗೆ?’ ನಗಲು ನೋಡಿದಳು, ಆಗಲಿಲ್ಲ.

‘ಅಮ್ಮನ್ನ ಕರ್ಕೊಂಡ್ಬರ್ತೀನಿ.’

‘ನಿಮ್ಮಮ್ಮ ಒಳ್ಳೆಯವ್ಳೇ. ಆದ್ರೆ ಬಂದವ್ರು ತೋರ್ಸಿದ್ದು ನನ್ನೊಬ್ಳಿಗೆ.’

ಅಷ್ಟರಲ್ಲಿ ಗ್ರಂಥಾಲಯದಲ್ಲಿ ಕೆಲಸ ಮಾಡುವಾಕೆ ಬಂದರು. ಕೈಯಲ್ಲಿ ತಿಳಿನೀಲಿ ಬಟ್ಟೆಯ ಪೊಟ್ಟಣ. ಹನ್ನೆರಡು ವರ್ಷಗಳಿಂದ ಗಿರಾಕಿ. ತೊಟ್ಟಿದ್ದ ಅಂಗಿಯೂ ಚಿಕ್ಕಮ್ಮನದೇ ಇರಬೇಕು, ನನಗಂತೂ ಅವರ ಮೈಯಲ್ಲಿ ಯಾವ ಕೊರತೆಯೂ ಕಾಣಲಿಲ್ಲ.

‘ಅಕ್ಕಾ, ಅದೇ ಥರ, ತೋಳು ಮಾತ್ರ ಉದ್ದ ಇರ್ಲಿ’ ಎಂದರು.

ಚಿಕ್ಕಮ್ಮ ಪೊಟ್ಟಣ ಮುಟ್ಟಲಿಲ್ಲ. ‘ಅಳತೆ ಕಳ್ದೋಗಿದೆ ತಾಯಿ. ಇನ್ನೊಂದ್ಸಲ ಕೊಡ್ಬೇಕಾಗತ್ತೆ. ಟೇಪ್ ಓದಕ್ಕೆ ಇನ್ನೊಬ್ರು ಜೊತೆಗಿರ್ತಾರೆ.’ ಕಳೆದವನು ಯಾರೆಂದು ಹೇಳಲಿಲ್ಲ. ನಾನು ಕೀಬೋರ್ಡಿನ ಧೂಳು ನೋಡುತ್ತಿದ್ದೆ.

ಅವರು ಪರದೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಪೊಟ್ಟಣವನ್ನು ಎದೆಯ ಎಡಭಾಗಕ್ಕೆ ಒತ್ತಿ ಹಿಡಿದರು. ‘ಅವಸರ ಏನಿಲ್ಲ ಅಕ್ಕಾ. ಆಮೇಲೆ ಬರ್ತೀನಿ.’

ಮೆಟ್ಟಿಲು ಇಳಿಯುವ ಸದ್ದು ಕೆಳಗಿನವರೆಗೂ ಕೇಳಿಸಿತು. ಅವರು ಮತ್ತೆ ಬರಲಿಲ್ಲ. ಇದಾಗಿ ನಾಲ್ಕು ತಿಂಗಳು.

ಈಗ ನರ್ಸ್, ಬೇಕರಿಯವಳು, ಕೊರಿಯರಿನವಳ ಅತ್ತೆ: ಮೂವರಿಗೆ ಹೊಲಿಯುತ್ತಾಳೆ. ಮೂವರಿಗೆ ವರ್ಷಕ್ಕೆ ಎಷ್ಟು ಅಂಗಿ ಬೇಕು? ಒಮ್ಮೆಯಾದರೂ ಬೈಯಲಿ ಎಂದು ಪ್ರತಿ ಭಾನುವಾರ ಹೋಗುತ್ತೇನೆ. ಬೈಯುವುದಿಲ್ಲ. ಟೀ ಕೊಡುತ್ತಾಳೆ. ಆಮೇಲೆ ಕಂಪ್ಯೂಟರಿನ ಅಂಗಿ ಬಿಚ್ಚಿ ಮಡಿಸಿಟ್ಟು, ಸ್ವಿಚ್ ಒತ್ತುತ್ತಾಳೆ. ಹನ್ನೊಂದೇ ಸೆಕೆಂಡು.

‘ಬೇಗ ಬಂತಲ್ಲೋ’ ಎನ್ನುತ್ತಾಳೆ.

ಅವಳ ಕೈ ಮೌಸನ್ನು ಎಡಗಡೆ ಕೆಳಗಿಂದ ಎರಡನೇ ಜಾಗಕ್ಕೆ ಒಯ್ಯುತ್ತದೆ. ಅಲ್ಲಿ ಏನೂ ಇಲ್ಲ. ಎರಡು ಸಲ ಒತ್ತುತ್ತಾಳೆ, ಸ್ವಲ್ಪ ಹೊತ್ತು ಕಾಯುತ್ತಾಳೆ.