ಹೊಸಿಲು ದಾಟದ ತಮಟೆಯವನು

ಚೈತ್ರಾ, ಮನೋಜ, ನಿಮ್ಮಪ್ಪ ಇನ್ನೂ ಶಾಲೆಗೆ ಹೋಗುತ್ತಿದ್ದಾಗ ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದೆ. ಆಗ ಒಬ್ಬ ತಮಟೆಯವನಿದ್ದ. ಚಿಕ್ಕಂದಿನಲ್ಲಿ ಏನೋ ಕದ್ದನೆಂದು ಅವನನ್ನು ರಿಮ್ಯಾಂಡ್ ಹೋಮಿಗೆ ಹಾಕಿದ್ದರಂತೆ. ಅಲ್ಲಿ ಊಟದ ತಟ್ಟೆ ಬಡಿದು ತಾಳ ಕಲಿತನಂತೆ. ಬಿಟ್ಟ ಮೇಲೂ ಅವನ ಬೆರಳು ಸುಮ್ಮನಿರಲಿಲ್ಲ. ಟೀ ಅಂಗಡಿಯ ಬೆಂಚು, ಬಸ್ಸಿನ ಸೀಟು, ಎಲ್ಲದರ ಮೇಲೂ ಆಡುತ್ತಿತ್ತು. ಒಳಗೆ ಕರೆದರೆ, "ಬಾಗ್ಲು ಮುಚ್ತೀರ ಅಕ್ಕ, ಇಲ್ಲೇ ಇರ್ತೀನಿ" ಅನ್ನುತ್ತಿದ್ದ.

ನಾವು ನೂಲು ಕದಿಯುತ್ತೇವೆಂದು ಮಾಲೀಕರು ಕೆಲಸದ ಹೊತ್ತಿನಲ್ಲಿ ಕಾರ್ಖಾನೆಗೆ ಹೊರಗಿನಿಂದ ಬೀಗ ಹಾಕುತ್ತಿದ್ದರು. ಒಂದು ದಿನ ರೇಷ್ಮೆಗೂಡು ಬೇಯುವ ಬಿಸಿನೀರಿನ ಆವಿಗೆ ಬಸುರಿಯೊಬ್ಬಳು ಎಚ್ಚರ ತಪ್ಪಿದಳು. ಎಷ್ಟು ಕೂಗಿದರೂ ಬೀಗ ತೆಗೆಯಲು ತಡವಾಯಿತು.

ಸಂಜೆ ಆ ತಮಟೆಯವನು ನಮ್ಮ ಮನೆಮನೆಯ ಬಾಗಿಲಿಗೂ ಬಂದ. "ನಾಳೆ ತಮಟೆ ಕೇಳಿಸಿದ ತಕ್ಷಣ ಎಲ್ರೂ ನೀರಿಂದ ಕೈ ತೆಗೀರಿ."

"ಗೂಡು ಬೆಂದು ಹಾಳಾದ್ರೆ ದುಡ್ಡು ನಿಮ್ಮಪ್ಪ ಕೊಡ್ತಾನಾ?" ಎಂದು ನನ್ನ ವಾರಗಿತ್ತಿ ಗದರಿದಳು.

"ನನ್ನ ಬಿಡಿಸ್ಕೊಳ್ಳೋಕೇ ಬರ್ಲಿಲ್ಲ ನಮ್ಮಪ್ಪ, ಗೂಡಿಗೆ ಬರ್ತಾನಾ?" ಎಂದು ನಕ್ಕ.

ಮರುದಿನ ತಮಟೆ ಕೇಳಿಸಿತು. ನನಗೆ ಹೆದರಿಕೆಯಾಯಿತು, ಆದರೂ ಕೈ ತೆಗೆದೆ. ರಾಟೆಗಳೆಲ್ಲ ನಿಂತವು. ಬಿಸಿನೀರಿನಲ್ಲಿ ಗೂಡು ಬೇಯುತ್ತಲೇ ಇತ್ತು. ಹೊರಗೆ ಮಾಲೀಕರು "ನಿಲ್ಸೋ!" ಎಂದು ಕೂಗಿದರು.

"ನೀವು ಬೀಗ ತೆಗೀರಿ, ನಾನು ನಿಲ್ಲಿಸ್ತೀನಿ."

ಗೂಡು ಹಾಳಾಗುವ ಭಯಕ್ಕೆ ಬೀಗ ತೆಗೆದರು. ಮತ್ತೆಂದೂ ಹಾಕಲಿಲ್ಲ. ಒಂದು ಲೋಟ ಕಾಫಿಗೆ ಕರೆದರೆ ಅವನದು ಅದೇ ಬಾಗಿಲು ಮುಚ್ಚುವ ಮಾತು. ಬಾಗಿಲಲ್ಲೇ ಕುಡಿದು, ಚಿಂತಾಮಣಿಯಲ್ಲೂ ಇಂಥ ಬೀಗವಿದೆಯೆಂದು ಬಸ್ಸಿಗೆ ಓಡಿದ.

ನಾನು ಇದನ್ನೆಲ್ಲ ಬರೆದಿಟ್ಟ ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ಪೆಟ್ಟಿಗೆಯಲ್ಲಿಟ್ಟರೂ ಬೀಗ ಮಾತ್ರ ಹಾಕಬೇಡಿ.